ನಮ್ಮ ಕೊಳ್ಳ, ನಮ್ಮ ಕಾವಲು

(ಶಾಲೆಯ ಸುವರ್ಣ ಮಹೋತ್ಸವದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸುವರ್ಣ ಮಹೋತ್ಸವವೆಂದರೆ ಶಾಲೆಯ ಗುಣಗಾನ ನಡೆಯುವುದು ಸಹಜ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಇಲ್ಲಿದ್ದಾರೆ. ನಾನು ಶಾಲೆ ನಿಂತಿರುವ ನೆಲದ ಬಗ್ಗೆ, ನಮ್ಮ ಪಶ್ಚಿಮಕ್ಕಿರುವ ಕೊಳ್ಳದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಪುಸ್ತಕದವರು ಕಣಿವೆ ಅನ್ನುತ್ತಾರೆ, ಕಂದರ ಅನ್ನುತ್ತಾರೆ. ನಮ್ಮ ಕಡೆಯ ಮಾತು ಕೊಳ್ಳ. ನೀರು ಸಾವಿರಾರು ವರ್ಷ ಕಲ್ಲನ್ನು ಕೊರೆದು ಮಾಡಿಕೊಂಡ ದಾರಿಗೆ ನಮ್ಮ ಹಿರಿಯರು ಇಟ್ಟ ಹೆಸರು ಅದು.

ಬೆಳಗಾವಿಯಿಂದ ಚೋರ್ಲಾ ಘಾಟಿನ ದಾರಿ ಹಿಡಿದು ಜಾಂಬೋಟಿ ದಾಟಿದರೆ ಕಣಕುಂಬಿ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರ. ಮಾವುಲಿ ದೇವಿಯ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುತ್ತಾಳೆ. ಸಮುದ್ರ ಪಶ್ಚಿಮಕ್ಕೆ ಹತ್ತಿರದಲ್ಲೇ ಇದ್ದರೂ ಆಕೆ ಅತ್ತ ಹೋಗುವುದಿಲ್ಲ. ಪೂರ್ವಕ್ಕೆ ತಿರುಗಿ ಖಾನಾಪುರ, ಸವದತ್ತಿ, ರಾಮದುರ್ಗ ಹಾದು, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು, ಸುಮಾರು 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಕೊನೆಗೆ ಆ ನೀರು ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಇದೇ ತಾಲೂಕಿನ ದೇಗಾಂವದ ಕಡೆ ಮಹದಾಯಿ ಹುಟ್ಟುತ್ತಾಳೆ. ಆಕೆ ಪಶ್ಚಿಮಕ್ಕೆ ಹರಿಯುತ್ತಾಳೆ. ಭೀಮಗಡದ ಅಡವಿಯಲ್ಲಿ ಆಳದ ಕೊಳ್ಳ ಕೊರೆದು, ವಜ್ರಪೋಹದಲ್ಲಿ ಧುಮುಕಿ, ಗೋವೆಗೆ ಇಳಿದು ಮಾಂಡೋವಿ ಎಂಬ ಹೆಸರು ಪಡೆದು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತಾಳೆ. ಒಂದೇ ಗುಡ್ಡಸಾಲಿನ ಈ ಮಗ್ಗುಲಿಗೆ ಬಿದ್ದ ಹನಿ ಬಂಗಾಳ ಕೊಲ್ಲಿಗೆ, ಆ ಮಗ್ಗುಲಿಗೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ. ಭೂಗೋಳದ ಪುಸ್ತಕದಲ್ಲಿ ಜಲವಿಭಾಜಕ ಎಂದು ಓದುತ್ತೀರಲ್ಲ ಮಕ್ಕಳೇ, ಅದು ನಮ್ಮ ತಾಲೂಕಿನಲ್ಲೇ ಇದೆ.

ಮಳೆಯ ಲೆಕ್ಕ ನೋಡಿ. ಇದೇ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ ಹತ್ತು ಸಾವಿರ ಮಿಲಿಮೀಟರ್ ದಾಟಿತ್ತು. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಹಾಗಾದರೆ ಆ ವರ್ಷ ಅಲ್ಲಿಯ ಒಂದೊಂದು ಎಕರೆಗೂ ನಾಲ್ಕು ಕೋಟಿ ಲೀಟರ್ ಬಿತ್ತು. ಇದೇ ಜಿಲ್ಲೆಯ ಪೂರ್ವ ಭಾಗದ ರೈತ ವರ್ಷಕ್ಕೆ ಐನೂರು, ಆರುನೂರು ಮಿಲಿಮೀಟರ್ ಮಳೆಗೆ ಮುಗಿಲು ನೋಡುತ್ತಾನೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ.

ಅಷ್ಟು ಮಳೆ ಬೋಳು ಗುಡ್ಡದ ಮೇಲೆ ಬಿದ್ದರೆ ಮಣ್ಣನ್ನು ಹೊತ್ತುಕೊಂಡು ಒಂದೇ ದಿನಕ್ಕೆ ಹೋಗಿಬಿಡುತ್ತದೆ. ಅಡವಿಯಲ್ಲಿ ಎಲೆಯ ಹಾಸು ಅದರ ವೇಗ ತಗ್ಗಿಸುತ್ತದೆ, ಬೇರು ಹಿಡಿದ ಮಣ್ಣು ಅದನ್ನು ಕುಡಿಯುತ್ತದೆ. ದೀಪಾವಳಿ ಕಳೆದ ಮೇಲೂ ಹಳ್ಳದಲ್ಲಿ ನೀರು ಜಿನುಗುತ್ತದೆಯಲ್ಲ, ಅದು ಆಷಾಢದಲ್ಲಿ ಬಿದ್ದ ಮಳೆಯನ್ನು ಅಡವಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುದು. ಸವದತ್ತಿಯ ಬಳಿ ನವಿಲುತೀರ್ಥದ ಇಕ್ಕಟ್ಟಾದ ಕೊಳ್ಳಕ್ಕೆ ಅಡ್ಡಗಟ್ಟೆ ಹಾಕಿ 1972ರ ಹೊತ್ತಿಗೆ ಕಟ್ಟಿ ಮುಗಿಸಿದ ರೇಣುಕಾಸಾಗರಕ್ಕೆ 37.73 ಟಿಎಂಸಿ ಸಾಮರ್ಥ್ಯವಿದೆ. ಅದು ತುಂಬುವುದು ಕಣಕುಂಬಿ, ಜಾಂಬೋಟಿ ಕಡೆಯ ಅಡವಿಯ ಕೃಪೆಯಿಂದ. ಅಡವಿಯ ಲೆಕ್ಕ ತಪ್ಪಿದರೆ ಕೆಳಗಿನವರ ಲೆಕ್ಕವೂ ತಪ್ಪುತ್ತದೆ.

ಇನ್ನು ಇತಿಹಾಸ. ಕಾಡು ಎಂದರೆ ಹಿಂದುಳಿದ ಜಾಗ ಎಂದು ಯಾರಾದರೂ ಅಂದರೆ ಅವರನ್ನು ಹಲಸಿಗೆ ಕರೆದುಕೊಂಡು ಹೋಗಿ. ಐದನೆಯ ಶತಮಾನದಲ್ಲಿ ಅದು ಪಲಾಶಿಕಾ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದ ಪಟ್ಟಣ. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮರ ತಾಮ್ರಪಟಗಳು ಅಲ್ಲಿ ಸಿಕ್ಕಿವೆ. ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಅಲ್ಲಿ ಬಸದಿ ಕಟ್ಟಿಸಿದ. ಮುಂದೆ ಗೋವೆಯ ಕದಂಬರ ಕಾಲದಲ್ಲೂ ಹಲಸಿಗೆ ಅದೇ ಮರ್ಯಾದೆ ಇತ್ತು. ಭೂವರಾಹ ನರಸಿಂಹನ ಗುಡಿ ಇಂದಿಗೂ ನಿಂತಿದೆ. ಕರಾವಳಿಗೂ ಬಯಲುಸೀಮೆಗೂ ನಡುವೆ ಸರಕು ಸಾಗಿದ್ದು ಈ ಘಟ್ಟಗಳ ಮೂಲಕ. ದಾರಿ ಕಾಯ್ದವನಿಗೆ ರಾಜ್ಯ ಎಂಬ ಕಾಲ ಅದು. ಹದಿನೇಳನೆಯ ಶತಮಾನದಲ್ಲಿ ಶಿವಾಜಿ ಮಹಾರಾಜರು ಭೀಮಗಡದ ಕೋಟೆ ಕಟ್ಟಿಸಿದ್ದೂ ಅದೇ ಕಾರಣಕ್ಕೆ. ಆಚೆ ಗೋವೆಯಲ್ಲಿ ಪೋರ್ತುಗೀಜರಿದ್ದರು. ಸುತ್ತಲೂ ಕಡಿದಾದ ಕೊಳ್ಳವಿರುವಾಗ ಅರ್ಧ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು.

ಬ್ರಿಟಿಷರ ಕಾಲದಲ್ಲಿ ರೈಲು ಬಂತು. ಖಾನಾಪುರ, ಲೋಂಡಾ ದಾಟಿ ಘಟ್ಟ ಇಳಿದು ಮುರಗಾಂವ ಬಂದರಿಗೆ ಹೋಗುವ ದಾರಿ 1880ರ ದಶಕದಲ್ಲಿ ತೆರೆಯಿತು. ಅದರ ಜೊತೆಗೆ ನಮ್ಮ ಸಾಗವಾನಿ, ಮತ್ತಿ, ಹೊನ್ನೆಗಳೂ ಹೊರಟವು. ಅಡವಿ ಎಂದರೆ ಮರದ ದಾಸ್ತಾನು ಎಂಬ ಲೆಕ್ಕ ಆಗ ಗಟ್ಟಿಯಾಯಿತು.

ಆದರೆ ಅದೇ ಕಾಲದ ಒಬ್ಬ ಅರಣ್ಯಾಧಿಕಾರಿಯ ಹೆಸರು ನಮ್ಮ ಕೊಳ್ಳದ ಒಂದು ಜೀವಿಗೆ ಅಂಟಿಕೊಂಡಿದೆ. ತಳೇವಾಡಿಯ ಸಮೀಪ ಬಾರಾಪೇಡೆ ಎಂಬ ಸುಣ್ಣಕಲ್ಲಿನ ಗುಹೆಗಳಿವೆ. ಅಲ್ಲಿ ದೊಡ್ಡ ಕಿವಿಯ ಒಂದು ಬಾವಲಿ ವಾಸಿಸುತ್ತದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿಜ್ಞಾನಿ ಅದನ್ನು ಜಗತ್ತಿಗೆ ಪರಿಚಯಿಸಿ, ಅರಣ್ಯ ಸೇವೆಯಲ್ಲಿದ್ದ ರಾಟನ್ ಎಂಬವರ ಹೆಸರಿಟ್ಟ. ಸುಮಾರು ಎಂಬತ್ತು ತೊಂಬತ್ತು ವರ್ಷ ಜಗತ್ತಿನಲ್ಲಿ ಬೇರೆಲ್ಲೂ ಅದು ಕಂಡಿರಲಿಲ್ಲ. 2000ದ ಆಸುಪಾಸಿನಲ್ಲಿ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಕೊಟ್ಟ ಮೊದಲನೇ ಅನುಸೂಚಿಯ ರಕ್ಷಣೆಯೇ ಈ ಬಾವಲಿಗೂ ಇದೆ. ಗುಹೆಯೊಳಗೆ ಹೊಗೆ ಹಾಕುವುದು, ಟಾರ್ಚ್ ಬಿಟ್ಟು ಕೂಗಾಡುವುದು ಆಟದ ಮಾತಲ್ಲ. ಬೆದರಿದ ತಾಯಿ ಬಾವಲಿ ಮರಿಯನ್ನು ಬೀಳಿಸಿ ಹಾರಿಬಿಡಬಹುದು.

2011ರ ಡಿಸೆಂಬರಿನಲ್ಲಿ ಸರ್ಕಾರ ಭೀಮಗಡ ವನ್ಯಜೀವಿ ಧಾಮವನ್ನು ಘೋಷಿಸಿತು. ವಿಸ್ತೀರ್ಣ 190.42 ಚದರ ಕಿಲೋಮೀಟರ್. ಆಚೆಗೆ ಗೋವೆಯ ಮ್ಹಾದೇಯಿ ಅಭಯಾರಣ್ಯ, ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹುಲಿಗೆ, ಕಾಡುಕೋಣಕ್ಕೆ ಇದೆಲ್ಲ ಒಂದೇ ಅಡವಿ. ರಾಜ್ಯದ ಗಡಿ ಅವುಗಳಿಗೆ ತಿಳಿಯದು.

ಆದರೆ ಆ ಧಾಮದೊಳಗೆ ಮನುಷ್ಯರೂ ಇದ್ದಾರೆ. ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವ, ತಳೇವಾಡಿ, ಹೆಮ್ಮಡಗಾ. ಈ ಹೆಸರುಗಳು ನಮಗೆ ಹೊಸವಲ್ಲ. ನಮ್ಮ ನಿಮ್ಮ ಬೀಗರು, ನಮ್ಮ ಸಂತೆಗೆ ಬರುವವರು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ಊರುಗಳ ದಾರಿ ಮುಚ್ಚುತ್ತದೆ. ಬಸುರಿಯನ್ನು, ಜ್ವರ ಬಂದವರನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ. ಡಾಂಬರು ರಸ್ತೆ, ವಿದ್ಯುತ್ ಕಂಬ ಕೇಳಿದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಹೊರಗೆ ಬರಲು ಒಪ್ಪಿದ ಕುಟುಂಬಕ್ಕೆ 15 ಲಕ್ಷ ರೂಪಾಯಿ ಕೊಡುವ ಯೋಜನೆ ಸರ್ಕಾರದ್ದು. ತಳೇವಾಡಿಯಲ್ಲಿ ಒಪ್ಪಿದವರಿದ್ದಾರೆ. ಬೇರೆ ಊರುಗಳಲ್ಲಿ ಒಪ್ಪದವರೂ ಇದ್ದಾರೆ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೋಗುವವರು ಮನಸಾರೆ ಹೋಗಲಿ. ಆದರೆ ಶಾಲೆ, ದವಾಖಾನೆ, ದಾರಿ ಕೊಡದೆ ಬೇಸತ್ತು ಹೋಗುವಂತೆ ಮಾಡಿದರೆ ಅದನ್ನು ಸ್ವಇಚ್ಛೆ ಎಂದು ಕರೆಯಲಾಗದು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಮಾತನಾಡುವ ಅಧಿಕಾರ ಕೊಟ್ಟಿದೆ. ಆ ಮಾತನ್ನು ಕೇಳಿಸಿಕೊಳ್ಳಬೇಕು.

ಅಮೆರಿಕದ ಮಹಾಕಂದರದ ಹೆಸರು ಕೇಳಿದ್ದೀರಿ, ಗ್ರ್ಯಾಂಡ್ ಕ್ಯಾನಿಯನ್. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ತಲೆತಲಾಂತರದಿಂದ ಇದ್ದ ಹವಾಸುಪಾಯಿ ಜನರನ್ನು ಅದಕ್ಕೂ ಮೊದಲೇ, 1882ರಲ್ಲಿ, 518 ಎಕರೆಯ ತುಂಡು ಭೂಮಿಗೆ ಸೀಮಿತಗೊಳಿಸಿದ್ದರು. ಅವರು ತಲೆಮಾರುಗಟ್ಟಲೆ ಹೋರಾಡಿದರು. 1975ರಲ್ಲಿ ಅಮೆರಿಕದ ಸರ್ಕಾರ ಕಾನೂನು ಮಾಡಿ ಸುಮಾರು 1,85,000 ಎಕರೆ ಅವರಿಗೆ ಹಿಂತಿರುಗಿಸಿತು. ಅಷ್ಟು ದೊಡ್ಡ ದೇಶಕ್ಕೂ ಕೊಳ್ಳವನ್ನೂ ಕೊಳ್ಳದ ಜನರನ್ನೂ ಒಟ್ಟಿಗೆ ನೋಡಲು ತೊಂಬತ್ತು ವರ್ಷ ಹಿಡಿಯಿತು. ನಮಗೆ ಅಷ್ಟು ಕಾಲ ಬೇಡ.

ಮಹದಾಯಿ ನೀರಿನ ಮಾತು ಎತ್ತದೆ ಮುಗಿಸಿದರೆ ನೀವು ನನ್ನನ್ನು ಬಿಡುವುದಿಲ್ಲ. 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಣಕುಂಬಿಯ ಕಳಸಾ ನಾಲೆಯಿಂದ 1.72, ನೇರಸೆ ಕಡೆಯ ಬಂಡೂರಿ ನಾಲೆಯಿಂದ 2.18, ಒಟ್ಟು 3.90 ಟಿಎಂಸಿ. ತೀರ್ಪು 2020ರ ಫೆಬ್ರುವರಿಯಲ್ಲಿ ರಾಜಪತ್ರದಲ್ಲಿ ಪ್ರಕಟವಾದರೂ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿವೆ.

ನರಗುಂದ, ನವಲಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕುಳಿತದ್ದು ಹುಡುಗಾಟಕ್ಕಲ್ಲ. ಹುಬ್ಬಳ್ಳಿಯಲ್ಲಿ ವಾರಗಟ್ಟಲೆ ನಲ್ಲಿ ಬಾರದ ಮನೆಯ ತಾಯಿಯ ಸಂಕಟ ನಿಜ. ಹಾಗೆಯೇ ಈ ನಾಲೆಗಳ ದಂಡೆಯ ನಮ್ಮ ತಾಲೂಕಿನ ಜನ ತಮ್ಮ ಬಾವಿ ಬತ್ತೀತೆಂದು ಅಂಜುವುದೂ ನಿಜ. ಬರುವ 3.90 ಟಿಎಂಸಿ ರೇಣುಕಾಸಾಗರದ ಸಾಮರ್ಥ್ಯದ ಹತ್ತನೇ ಒಂದು ಭಾಗ. ಅಷ್ಟನ್ನೇ ನಂಬಿ ಮಲಪ್ರಭೆಯ ಸ್ವಂತ ಅಡವಿಯನ್ನು, ದಂಡೆಯನ್ನು, ಉಸುಕನ್ನು ಕಳೆದುಕೊಂಡರೆ ಒಂದು ಕೈಯಲ್ಲಿ ಪಡೆದು ಎರಡು ಕೈಯಲ್ಲಿ ಚೆಲ್ಲಿದಂತೆ. 2019ರ ಆಗಸ್ಟಿನ ಮಹಾಪೂರ ನೆನಪಿರಲಿ. ಬರಕ್ಕೆ ಹೆಸರಾದ ಮಲಪ್ರಭೆಯ ಕೆಳದಂಡೆಯ ಊರುಗಳೇ ಆಗ ಮುಳುಗಿದವು. ನದಿಯನ್ನು ಕಾಯುವುದೆಂದರೆ ಬೇಸಿಗೆ, ಮಳೆಗಾಲ ಎರಡರಲ್ಲೂ ಕಾಯುವುದು.

ಹಾಗಾದರೆ ಒಂದು ಸರ್ಕಾರಿ ಪ್ರೌಢಶಾಲೆ ಏನು ಮಾಡೀತು? ಮೂರು ಕೆಲಸ ಹೇಳುತ್ತೇನೆ. ಮೂರಕ್ಕೂ ಹೆಚ್ಚು ಹಣ ಬೇಡ.

ಮೊದಲನೆಯದು, ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡೋಣ. ದಿನಾ ಬೆಳಿಗ್ಗೆ ಎಂಟೂವರೆಗೆ ಒಬ್ಬ ವಿದ್ಯಾರ್ಥಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಲಿ. ಜೊತೆಗೆ ಹತ್ತಿರದ ಹಳ್ಳ ಯಾವ ದಿನ ಹರಿಯಲು ಶುರುವಾಯಿತು, ಯಾವ ದಿನ ನಿಂತಿತು ಎಂಬುದನ್ನೂ ಬರೆಯಲಿ. ಶಾಲೆ ಹುಟ್ಟಿದ ದಿನದಿಂದ ಇದನ್ನು ಮಾಡಿದ್ದರೆ ಇಂದು ನಮ್ಮ ಕೈಯಲ್ಲಿ ಐವತ್ತು ವರ್ಷದ ಸಾಕ್ಷಿ ಇರುತ್ತಿತ್ತು. ಶತಮಾನೋತ್ಸವ ಮಾಡುವವರಿಗಾದರೂ ಅದು ಸಿಗಲಿ.

ಎರಡನೆಯದು, ಹೆಸರುಗಳ ಸಂಗ್ರಹ. ಕೊಳ್ಳದ ಪ್ರತಿ ಮಡುವಿಗೆ, ಝರಿಗೆ, ದೇವರ ಕಾಡಿಗೆ ಒಂದು ಹೆಸರಿದೆ. ಕೆಲವು ಕನ್ನಡದಲ್ಲಿ, ಕೆಲವು ಮರಾಠಿ, ಕೊಂಕಣಿಯಲ್ಲಿ. ಎಲ್ಲವೂ ನಮ್ಮವೇ. ಊರು ಬಿಟ್ಟು ಬರುವ ಹಿರಿಯರ ಜೊತೆ ಆ ಹೆಸರುಗಳೂ ಹೋಗಿಬಿಡುತ್ತವೆ. ಯಾವ ಬೇರು ಯಾವ ನೋವಿಗೆ, ಯಾವ ಝರಿ ಏಪ್ರಿಲ್‌ನಲ್ಲೂ ಬತ್ತದು ಎಂಬ ತಿಳಿವಳಿಕೆಯೂ ಹೋಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಮ್ಮ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಟ್ಟರೆ ಅದು ಕಾಗದದ ಹೊರೆಯಾಗದೆ ಊರಿನ ಆಸ್ತಿಯಾಗುತ್ತದೆ.

ಮೂರನೆಯದು ಹಳೆಯ ವಿದ್ಯಾರ್ಥಿಗಳಿಗೆ. ಬೆಂಗಳೂರು, ಪುಣೆಯಿಂದ ಗೆಳೆಯರನ್ನು ಕರೆದುಕೊಂಡು ಜಲಪಾತ ನೋಡಲು ಬರುತ್ತೀರಿ. ಬನ್ನಿ, ಸಂತೋಷ. ಮಳೆಗಾಲದಲ್ಲಿ ಪ್ರವೇಶವಿಲ್ಲ ಎಂದು ಅಧಿಕಾರಿಗಳು ಫಲಕ ಹಾಕಿದ್ದರೆ ಊರಿನ ಪರಿಚಯ ಹೇಳಿ ಒಳಗೆ ನುಸುಳಬೇಡಿ. ತಂದ ಬಾಟಲಿ, ತಿಂದ ಪೊಟ್ಟಣ ಮರಳಿ ಒಯ್ಯಿರಿ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು. ನೀವು ಶಾಲೆಗೆ ಕೊಡುವ ದೇಣಿಗೆಯಲ್ಲಿ ಒಂದು ಪಾಲನ್ನು ಮಕ್ಕಳನ್ನು ಹಲಸಿಗೆ, ಕಣಕುಂಬಿಗೆ ಕರೆದೊಯ್ಯುವ ಬಸ್ಸಿಗೆ ಇಡಿ. ಗೋಳಗುಮ್ಮಟ ನೋಡಿದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮಲಪ್ರಭೆ ಹುಟ್ಟುವ ಜಾಗ ನೋಡಿಲ್ಲ. ನೋಡದ್ದನ್ನು ಕಾಯಿರಿ ಎಂದರೆ ಯಾರು ಕಾಯುತ್ತಾರೆ?

ಕಾಯ್ದೆ ಕಾಯುತ್ತದೆ, ಇಲಾಖೆ ಕಾಯುತ್ತದೆ ಎಂದು ಸುಮ್ಮನಿರುವಂತಿಲ್ಲ. ಇಲಾಖೆಯ ಒಬ್ಬ ಗಾರ್ಡಿಗೆ ಎಷ್ಟು ಗುಡ್ಡ ಕಂಡೀತು? ಮೇವಿಗೆ ಹೋದವರು, ಜೇನಿಗೆ ಹೋದವರು, ಶಾಲೆಗೆ ನಡೆದು ಬರುವ ಮಕ್ಕಳು ಮೊದಲು ನೋಡುತ್ತಾರೆ. ಅವರು ಕಂಡದ್ದನ್ನು ಹೇಳಲು ಧೈರ್ಯ ಕೊಡುವ ಜಾಗ ಈ ಶಾಲೆಯಾಗಲಿ.

  ಮಳೆಮಾಪಕದ ಖರ್ಚು ನನ್ನದು. ಬರೆಯುವ ಕೆಲಸ ಮಕ್ಕಳದ್ದು. ಜೂನ್ ಒಂದರಿಂದ ಶುರುವಾಗಲಿ.