ಚೆನ್ನಾಗಿರೋ ದಿನ ಬಸ್ ಹತ್ತಿದ ತಪ್ಪಿಗೆ

ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಸಂಭ್ರಮಿಸಿದೆವು. ಯಾವ ವಿಗ್ರಹದ ಕೈ ಮುರಿದಿದೆ, ಯಾವ ಆನೆಯ ಸೊಂಡಿಲು ಹೋಗಿದೆ ಅಂತ ಗೈಡ್‌ಗಳು ತೋರಿಸ್ತಾರೆ. ಕಲ್ಲಿಗೆ ಬಿದ್ದ ಪೆಟ್ಟು ಕಾಣುತ್ತೆ. ಮನಸ್ಸಿಗೆ ಬಿದ್ದದ್ದು ಕಾಣಲ್ಲ.

ಹಳೇಬೀಡಿನಲ್ಲಿ ಶೂಟಿಂಗ್ ಮುಗಿಸಿ ಬರುವಾಗ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ ಸಿಕ್ಕರು. ಮಗನಿಗೆ ಸ್ಕಿಜೋಫ್ರೇನಿಯಾ. ಸರ್ಟಿಫಿಕೇಟಿಗಾಗಿ ಓಡಾಡಿ ಸಾಕಾಗಿದೆ. "ಅವನು ಚೆನ್ನಾಗಿರೋ ದಿನ ಕರ್ಕೊಂಡು ಹೋದ್ರೆ, ಚೆನ್ನಾಗೇ ಇದಾನಲ್ಲಮ್ಮಾ ಅಂತಾರೆ. ಚೆನ್ನಾಗಿಲ್ಲದ ದಿನ ಅವನು ಬಸ್ಸೇ ಹತ್ತಲ್ಲ ಸಾರ್" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನಿನಲ್ಲಿ ಉತ್ತರ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇಕಡಾ 40 ಇದ್ದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಅರ್ಹತೆ. ಆದರೆ ಕೇಂದ್ರದ ಅಂಗವಿಕಲ ಪಿಂಚಣಿಗೆ ಶೇಕಡಾ 80 ಇರಬೇಕು, ಬಡತನ ರೇಖೆಯ ಕೆಳಗೂ ಇರಬೇಕು. ಆಮೇಲೆ ಕೇಂದ್ರ ಕೊಡೋದು ತಿಂಗಳಿಗೆ 300 ರೂಪಾಯಿ!

ನಾನು ಇಂಜಿನಿಯರಿಂಗ್ ಓದಿದವನು, ಅಳತೆ ಬೇಡ ಅನ್ನಲ್ಲ. ಮಾನಸಿಕ ವೈಕಲ್ಯ ಅಳೆಯೋಕೆ 'ಐಡಿಯಾಸ್' ಎಂಬ ಮಾಪಕವಿದೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕನ್ನೂ ನೋಡುತ್ತದೆ. ಇವೆಲ್ಲ ದಿನನಿತ್ಯದ ಬದುಕು. ಒಂದು ದಿನದ ಮುಖ ನೋಡಿ ಹೇಳುವುದಲ್ಲ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಇದೇ ಮಾಪಕ ಹಿಡಿದು ಅಧ್ಯಯನ ಮಾಡಿದರು. ಚಿಕಿತ್ಸೆ ಸಿಕ್ಕ ಸ್ಕಿಜೋಫ್ರೇನಿಯಾ ರೋಗಿಗಳ ವೈಕಲ್ಯ ಇಳಿಯಿತು. ಸಿಗದವರದು ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು. ಅಂಥದೇ ಕಾರ್ಯಕ್ರಮ ತುರುವೇಕೆರೆಯಲ್ಲೂ ನಡೆಯಿತು. ತಿಪಟೂರು ದಾಟಿದರೆ ತುರುವೇಕೆರೆ, ಅರಸೀಕೆರೆಗೆ ದೂರವೇನಲ್ಲ. ಹಳ್ಳಿಯಲ್ಲೇ ಚೇತರಿಕೆ ಸಾಧ್ಯ ಅಂತಾಯ್ತು.

ಇಲ್ಲೇ ಒಂದು ಇಕ್ಕಟ್ಟಿದೆ. ಔಷಧಿ ಕೆಲಸ ಮಾಡಿದರೆ ಶೇಕಡಾವಾರು ಇಳಿಯುತ್ತೆ. ಇಳಿದರೆ ಪಿಂಚಣಿ ನಿಂತೀತು ಅನ್ನೋ ಭಯ. ಪಿಂಚಣಿ ನಿಂತರೆ ಮುಂದಿನ ತಿಂಗಳು ಆಸ್ಪತ್ರೆಗೆ ಹೋಗುವ ಬಸ್ ಚಾರ್ಜಿಗೆ ಏನು ಮಾಡೋದು? ವಾಸಿಯಾಗೋದಕ್ಕೇ ದಂಡ ಕಟ್ಟಬೇಕಾ?

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ರೂಪಿಸಿ ದಶಕವಾಯ್ತು. ನನ್ನ ಬೇಡಿಕೆ ಎರಡೇ. ಅದೇ ಮಂಗಳವಾರ, ಅರಸೀಕೆರೆ, ಬೇಲೂರಿನಲ್ಲೇ ವೈಕಲ್ಯದ ಪರೀಕ್ಷೆಯೂ ಆಗಲಿ, ಮನೆಯವರ, ಆಶಾ ಕಾರ್ಯಕರ್ತೆಯ ಮಾತೂ ದಾಖಲಾಗಲಿ. ಚೇತರಿಸಿಕೊಂಡವರ ನೆರವನ್ನು ಒಂದೇಟಿಗೆ ಕಡಿಯದೆ, ಕಾಲಿನ ಮೇಲೆ ನಿಲ್ಲುವವರೆಗೆ ಮುಂದುವರಿಸಲಿ.

ಮಾತಾಡಲು ಯಾರಾದರೂ ಬೇಕಿದ್ದರೆ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ತಾಯಿ ಬಸ್ ಹತ್ತುವಾಗ ಮಗನ ಕೈ ಬಿಟ್ಟಿರಲಿಲ್ಲ. ಸರ್ಕಾರ ಹಿಡಿಯಬೇಕಾದ್ದು ಇನ್ನೊಂದು ಕೈ.