ಕಳೆಗೆ ಮದ್ದು ಹುಲ್ಲೇ: ಗೋಮಾಳಗಳ ಸಂರಕ್ಷಣೆ

(ಠಾಣೆಯ ನೌಪಾಡಾದಲ್ಲಿ ಕನ್ನಡ ಶ್ರೋತೃಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನೌಪಾಡಾದಂತಹ ನಿಬಿಡ ವಸತಿಯಲ್ಲಿ ದನಗಳ ಹುಲ್ಲುಗಾವಲಿನ ವಿಷಯವನ್ನು ಪ್ರಸ್ತಾಪಿಸುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಇಲ್ಲಿ ಸೇರಿರುವವರಲ್ಲಿ ಅನೇಕರಿಗೆ ವಿಜಯಪುರ, ಕಲಬುರಗಿ, ಧಾರವಾಡ, ಉಡುಪಿಯ ಕಡೆ ಇಂದಿಗೂ ಮನೆ, ಹೊಲ, ಕೊಟ್ಟಿಗೆಗಳಿವೆ. ಊರಿನಲ್ಲಿರುವ ಅಣ್ಣನೋ ತಮ್ಮನೋ ದೂರವಾಣಿಯಲ್ಲಿ, "ದನ ಮೇಯುವ ಜಾಗವೆಲ್ಲ ಕಳೆ ತುಂಬಿದೆ" ಎಂದು ಹೇಳಿದಾಗ, "ಹಣ ಕಳುಹಿಸುತ್ತೇನೆ, ಔಷಧಿ ಹೊಡೆಸಿಬಿಡು" ಎಂದು ಉತ್ತರಿಸುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಆ ಉತ್ತರವು ಸದುದ್ದೇಶದಿಂದ ಕೂಡಿದುದೇ ಆದರೂ, ಅದರಿಂದ ನೆಲಕ್ಕೆ ಒಳಿತಾಗುತ್ತದೆಯೇ ಎಂಬುದನ್ನು ಇಂದು ವಿಚಾರ ಮಾಡೋಣ.

ಕಳೆ ಏಕೆ ಬರುತ್ತದೆ?

ಪ್ರಕೃತಿಯಲ್ಲಿ ನೆಲವು ಬರಿದಾಗಿ ಉಳಿಯುವುದಿಲ್ಲ. ಹುಲ್ಲು ಹಿಂದೆ ಸರಿದ ಸ್ಥಳವನ್ನು ಬೇರೊಂದು ಸಸ್ಯವು ಆಕ್ರಮಿಸುತ್ತದೆ. ಹುಲ್ಲುಗಾವಲಿನಲ್ಲಿ ಕಳೆಯು ರೋಗವೆನ್ನುವುದಕ್ಕಿಂತ ರೋಗದ ಲಕ್ಷಣವೆನ್ನುವುದು ಹೆಚ್ಚು ಸರಿಯಾದೀತು.

ಹುಲ್ಲಿನ ಗರಿಯು ಬಿಸಿಲಿನಲ್ಲಿ ಆಹಾರವನ್ನು ತಯಾರಿಸಿ, ಅದರ ಒಂದು ಪಾಲನ್ನು ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ದನಗಳು ಒಮ್ಮೆ ಮೇಯ್ದ ಮೇಲೆ ಹುಲ್ಲು ಮತ್ತೆ ಚಿಗುರುವುದು ಈ ಉಳಿತಾಯದ ಬಲದಿಂದಲೇ. ಆದರೆ ಚಿಗುರಿದ ಗರಿಯನ್ನು ಮರುದಿನವೇ ಮೇಯಿಸಿದರೆ, ಹೀಗೆ ದಿನ ಬಿಡದೆ ನಡೆದರೆ, ಕೂಡಿಟ್ಟುದು ಬರಿದಾಗಿ ಬೇರು ಮೊಟಕಾಗುತ್ತದೆ. ಮೊದಲು ನಾಶವಾಗುವುದು ದನಗಳಿಗೆ ಪ್ರಿಯವಾದ ಬಹುವಾರ್ಷಿಕ ಹುಲ್ಲು. ಉಳಿಯುವುದು ದನಗಳು ಮುಟ್ಟದ ಗಿಡ. ದನಗಳೇ ಪ್ರತಿದಿನ ಒಳ್ಳೆಯದನ್ನು ಆರಿಸಿ ತೆಗೆದು, ಕೆಟ್ಟುದಕ್ಕೆ ಜಾಗ ಮಾಡಿಕೊಟ್ಟಂತಾಗುತ್ತದೆ.

ಠಾಣೆಯ ಸುತ್ತಮುತ್ತಲೇ ಇದಕ್ಕೆ ನಿದರ್ಶನವಿದೆ. ಈ ಪ್ರದೇಶದಲ್ಲಿ ಭತ್ತದ ಗದ್ದೆಗಿಂತ ಮೇಲ್ಭಾಗದಲ್ಲಿರುವ ಮಾಳಭೂಮಿಯನ್ನು 'ವರ್ಕಸ್' ಎಂದು ಕರೆಯುತ್ತಾರೆ. ಶಹಾಪುರ, ಮುರಬಾಡ, ವಾಡಾ ಭಾಗಗಳ ಇಂತಹ ಭೂಮಿಯ ಒಣಹುಲ್ಲು ಮುಂಬಯಿಯ ತಬೇಲಾಗಳ ಎಮ್ಮೆಗಳಿಗೆ ಮೇವಾಗಿ ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಹುಲ್ಲು ಕ್ಷೀಣಿಸಿದ ಕಡೆ ಮಳೆಗಾಲದಲ್ಲಿ ನೆಲವನ್ನು ಮುಚ್ಚುವುದು ಚಗಟೆ ಗಿಡ. ಮರಾಠಿಯಲ್ಲಿ ಇದು 'ಟಾಕಳಾ', ತುಳುವಿನಲ್ಲಿ 'ತಜಂಕ್'. ಆಷಾಢದಲ್ಲಿ ಇದರ ಎಳೆಯ ಚಿಗುರು ನಮಗೆ ಪಲ್ಯವಾಗುತ್ತದೆ. ಬೆಳೆದ ಹಸಿರು ಗಿಡವನ್ನು ಮಾತ್ರ ದನಗಳು ಮುಟ್ಟುವುದಿಲ್ಲ. ಮಾಳದಲ್ಲಿ ಚಗಟೆ ದಟ್ಟವಾಗಿದೆಯೆಂದರೆ, ಆ ನೆಲದಲ್ಲಿ ಮೇಯಿಸುವಿಕೆ ಮಿತಿಮೀರಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು.

ಹೊರಗಿನಿಂದ ಬಂದ ಕಳೆಗಳು

ಇನ್ನು ಕೆಲವು ಕಳೆಗಳು ಪರದೇಶಗಳಿಂದ ಬಂದು ಇಲ್ಲಿ ಬೇರೂರಿದವು. ಇವುಗಳಲ್ಲಿ ಪಾರ್ಥೇನಿಯಂ ಅತ್ಯಂತ ಪರಿಚಿತವಾದುದು. ಕನ್ನಡನಾಡಿನಲ್ಲಿ ಇದಕ್ಕೆ ಕಾಂಗ್ರೆಸ್ ಕಳೆಯೆಂದೂ ಮಹಾರಾಷ್ಟ್ರದಲ್ಲಿ ಗಾಜರ್ ಗವತವೆಂದೂ ಹೆಸರು. ರೈಲು ಹಳಿಗಳ ಬದಿಯಲ್ಲಿ, ಖಾಲಿ ನಿವೇಶನಗಳಲ್ಲಿ ತಾವು ಕಾಣುವ ಬಿಳಿ ಹೂವಿನ ಗಿಡ ಇದೇ. ಅಮೆರಿಕಾ ಖಂಡದ ಉಷ್ಣವಲಯ ಇದರ ಮೂಲ. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ವಿಜ್ಞಾನಿಗಳ ಗಮನಕ್ಕೆ ಬಂದ ಈ ಗಿಡವು ಮುಂದೆ ದೇಶದಾದ್ಯಂತ ಹಬ್ಬಿತು. ಒಂದೇ ಗಿಡವು 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವು ಸುತ್ತಲಿನ ಸಸ್ಯಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಗಿಡದ ಸ್ಪರ್ಶದಿಂದ ಅನೇಕರಿಗೆ ಚರ್ಮದ ಉರಿತ, ತುರಿಕೆ ಉಂಟಾಗುತ್ತವೆ; ಪರಾಗದಿಂದ ಉಸಿರಾಟದ ತೊಂದರೆಯೂ ಆಗುತ್ತದೆ. ಮೇವಿನ ಅಭಾವದಲ್ಲಿ ಹಸು ಎಮ್ಮೆಗಳು ಇದನ್ನು ತಿಂದರೆ ಹಾಲು ಕಹಿಯಾಗುತ್ತದೆ.

ಲಂಟಾನವು 19ನೆಯ ಶತಮಾನದ ಆರಂಭದಲ್ಲಿ ಉದ್ಯಾನದ ಅಲಂಕಾರಕ್ಕೆಂದು ತರಲಾದ ಪೊದೆ. ಇದನ್ನು ತಿಂದ ದನಗಳ ಯಕೃತ್ತಿಗೆ ಹಾನಿಯಾಗಿ ಕಾಮಾಲೆ ಬರುತ್ತದೆ. ಬಿಸಿಲು ತಗುಲಿದ ಮೂತಿ, ಕಿವಿಗಳ ಚರ್ಮ ಬಿರಿಯುತ್ತದೆ. ಅಂತಹ ಪಶುವನ್ನು ಕೂಡಲೇ ನೆರಳಿಗೆ ತಂದು ಪಶುವೈದ್ಯರನ್ನು ಕರೆಯಿಸತಕ್ಕದ್ದು. ಬಯಲುಸೀಮೆಯ ಬಳ್ಳಾರಿ ಜಾಲಿಯದು ಬೇರೆಯೇ ಬಗೆ. ಇದರ ಸಿಹಿ ಕಾಯಿಯನ್ನು ದನ, ಕುರಿ, ಮೇಕೆಗಳು ಆಸೆಯಿಂದ ತಿನ್ನುತ್ತವೆ. ಗಟ್ಟಿ ಬೀಜವು ಜೀರ್ಣವಾಗದೆ ಸಗಣಿಯೊಂದಿಗೆ ಹೊರಬಂದು, ಗೊಬ್ಬರದ ಆಸರೆಯಲ್ಲಿ ಮೊಳೆಯುತ್ತದೆ.

ಔಷಧಿ ಹೊಡೆದರೆ ಏನಾಗುತ್ತದೆ?

ಕಳೆನಾಶಕಗಳನ್ನು ಎಂದಿಗೂ ಬಳಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳ ಗುಣವನ್ನು ಅರಿತಿರುವುದು ಅತ್ಯವಶ್ಯಕ. ಗ್ಲೈಫೋಸೇಟ್ ಕಳೆಯನ್ನೂ ಹುಲ್ಲನ್ನೂ ಭೇದವಿಲ್ಲದೆ ಕೊಲ್ಲುತ್ತದೆ. ಮಾಳದ ಮೇಲೆಲ್ಲ ಇದನ್ನು ಸಿಂಪಡಿಸಿದರೆ ಹದಿನೈದು ದಿನಗಳಲ್ಲಿ ನೆಲ ಸ್ವಚ್ಛವಾದಂತೆ ಕಾಣುತ್ತದೆ. ಆದರೆ ಮಣ್ಣಿನಲ್ಲಿ ಸಾವಿರಾರು ಕಳೆ ಬೀಜಗಳು ಕಾದಿರುತ್ತವೆ. ಮುಂದಿನ ಮಳೆಗೆ ಅವು ಮೊಳೆತಾಗ ಎದುರಿಸಲು ಹುಲ್ಲೇ ಇರುವುದಿಲ್ಲ. ಹಣವೂ ಹೋಯಿತು, ಹುಲ್ಲೂ ಹೋಯಿತು, ಕಳೆ ಮಾತ್ರ ಉಳಿಯಿತು. ಮನುಷ್ಯರ ಹಾಗೂ ಪ್ರಾಣಿಗಳ ಆರೋಗ್ಯದ ದೃಷ್ಟಿಯಿಂದ ಗ್ಲೈಫೋಸೇಟ್ ಬಳಕೆಯನ್ನು ನಿರ್ಬಂಧಿಸುವ ಆದೇಶವನ್ನು ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಹೊರಡಿಸಿತೆಂಬುದನ್ನೂ ಇಲ್ಲಿ ಗಮನಿಸಬೇಕು.

2,4-ಡಿ ಎಂಬ ಔಷಧಿಯು ಅಗಲ ಎಲೆಯ ಸಸ್ಯಗಳನ್ನು ಕೊಂದು ಹುಲ್ಲನ್ನು ಉಳಿಸುತ್ತದೆ. ಆದರೆ ಹುಲ್ಲಿನ ನಡುವೆ ಬೆಳೆದು ಮಣ್ಣಿಗೆ ಸಾರಜನಕವನ್ನು ಒದಗಿಸುವ ದ್ವಿದಳ ಸಸ್ಯಗಳೂ ಅಗಲ ಎಲೆಯವೇ. ಅವೂ ಸಾಯುತ್ತವೆ. ಇದಲ್ಲದೆ, ಔಷಧಿ ತಗುಲಿ ಬಾಡಿದ ಕೆಲವು ವಿಷಸಸ್ಯಗಳು ದನಗಳಿಗೆ ಮೊದಲಿಗಿಂತ ರುಚಿಯಾಗಿ ತೋರುವುದುಂಟು. ಸಿಂಪಡಿಸಿದ ಜಾಗಕ್ಕೆ, ಡಬ್ಬಿಯ ಮೇಲೆ ಸೂಚಿಸಿರುವ ಅವಧಿಯವರೆಗೆ ದನಗಳನ್ನು ಬಿಡಲೇಬಾರದು. ಪಾರ್ಥೇನಿಯಂ ನಾಶಕ್ಕೆ ಲೀಟರು ನೀರಿಗೆ 200 ಗ್ರಾಂ ಅಡಿಗೆ ಉಪ್ಪನ್ನು ಬೆರೆಸಿ ಸಿಂಪಡಿಸುವ ಕ್ರಮವೊಂದಿದೆ. ರಸ್ತೆಯಂಚಿಗೆ, ಕಟ್ಟಡದ ಬುಡಕ್ಕೆ ಇದು ಸಲ್ಲಬಹುದು. ಹುಲ್ಲು ಬೆಳೆಯಬೇಕಾದ ಮಣ್ಣಿಗೆ ಉಪ್ಪು ಹಿತವಲ್ಲ.

ಬೆಂಕಿ ಹಾಕುವುದೂ ಪರಿಹಾರವಲ್ಲ. ಬೆಂಕಿಯು ನೆಲದ ಮೇಲಿನ ತರಗನ್ನು ಸುಟ್ಟು ಮಣ್ಣನ್ನು ಬತ್ತಲು ಮಾಡುತ್ತದೆ. ಮೊದಲ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬತ್ತಲಾದ ನೆಲವನ್ನು ಮೊದಲು ಹಿಡಿಯುವುದು ಕಳೆಯೇ.

ಕೀಟವೂ ಮಿತ್ರನಾದೀತು

ಒಂದಾನೊಂದು ಕಾಲದಲ್ಲಿ ದಕ್ಷಿಣ ಭಾರತದ ಊರ ಬಯಲುಗಳನ್ನು ಪಾಪಾಸುಕಳ್ಳಿ ತುಂಬಿತ್ತು. 1926ರಲ್ಲಿ ಶ್ರೀಲಂಕೆಯಿಂದ ತಂದ ಒಂದು ಬಗೆಯ ಹಿಟ್ಟುತಿಗಣೆಯು ಅದರ ರಸ ಹೀರಿ, ಕೆಲವೇ ವರ್ಷಗಳಲ್ಲಿ ಅದನ್ನು ಹತೋಟಿಗೆ ತಂದಿತು. ಇದೇ ಮಾರ್ಗದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೆಕ್ಸಿಕೋ ದೇಶದಿಂದ ಒಂದು ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಈ ದುಂಬಿಯೂ ಅದರ ಮರಿಹುಳುಗಳೂ ಪಾರ್ಥೇನಿಯಂ ಎಲೆಯನ್ನು ತಿಂದು ಗಿಡವನ್ನು ಬೋಳು ಮಾಡುತ್ತವೆ. 1990ರ ದಶಕದ ಆರಂಭದಲ್ಲಿ ಇದು ಸೂರ್ಯಕಾಂತಿಗೂ ತಗುಲೀತೆಂಬ ಆತಂಕ ಮೂಡಿತ್ತು. ತಜ್ಞರು ಪರಿಶೀಲಿಸಿ, ಆ ಬೆಳೆಗೆ ಇದರಿಂದ ಗಣನೀಯ ಅಪಾಯವಿಲ್ಲವೆಂದು ಕಂಡುಕೊಂಡರು. ಆದರೆ ದುಂಬಿಯು ಮಳೆಗಾಲದಲ್ಲಿ ಮಾತ್ರ ಚುರುಕಾಗಿದ್ದು, ಒಣ ತಿಂಗಳುಗಳನ್ನು ಮಣ್ಣಿನಲ್ಲಿ ಅಡಗಿ ಕಳೆಯುತ್ತದೆ. ಆದುದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ನೆಲಕ್ಕೆ ವಿಶ್ರಾಂತಿ: ಹಿರಿಯರ ಪಾಠ

ಮೈಸೂರು ಸೀಮೆಯ ಅಮೃತಮಹಲ್ ದನಗಳ ಹೆಸರನ್ನು ಕೇಳದವರು ವಿರಳ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದುದು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ. ಈ ದನಗಳಿಗೆಂದು ಮೀಸಲಾಗಿದ್ದ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಋತು ಬದಲಾದಂತೆ ಮಂದೆಯು ಒಂದು ಕಾವಲಿನಿಂದ ಮತ್ತೊಂದಕ್ಕೆ ಸಾಗುತ್ತಿತ್ತು. ದನಗಳು ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಚೇತರಿಸಿಕೊಂಡು, ತೆನೆಯೊಡೆದು, ಬೀಜ ಉದುರಿಸಲು ಅವಕಾಶವಿರುತ್ತಿತ್ತು. ಇಂದಿನ ವಿಜ್ಞಾನವು ಸರದಿ ಮೇಯಿಸುವಿಕೆಯೆಂದು ಬೋಧಿಸುವುದೂ ಇದನ್ನೇ.

ನಮ್ಮ ಊರಿನ ಗೋಮಾಳ, ಗಾಯರಾಣಗಳಿಗೆ ಈ ತತ್ತ್ವವನ್ನು ಅಳವಡಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಮಾಳವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಪ್ರತಿ ಮಳೆಗಾಲದಲ್ಲಿ ಒಂದು ಭಾಗಕ್ಕೆ ಪೂರ್ಣ ವಿಶ್ರಾಂತಿ ಕೊಡಬೇಕು. ಉಳಿದ ಭಾಗಗಳಲ್ಲಿಯೂ ಮುಂಗಾರಿನ ಮೊದಲ ವಾರಗಳಲ್ಲಿ, ಹುಲ್ಲು ಬೇರು ಹಿಡಿಯುವವರೆಗೆ, ದನಗಳನ್ನು ಬಿಡಬಾರದು. ಅರ್ಧ ಮೇಯಿಸಿ, ಅರ್ಧ ಉಳಿಸಬೇಕೆಂಬುದು ನೆನಪಿನಲ್ಲಿಡಬೇಕಾದ ಸೂತ್ರ.

ಎರಡನೆಯದಾಗಿ, ಕಳೆಯನ್ನು ಹೂವಾಗುವುದಕ್ಕೆ ಮುಂಚೆಯೇ ಕೀಳಬೇಕು. ಮಳೆ ಬಂದು ಮಣ್ಣು ಹಸಿಯಾಗಿರುವಾಗ ಪಾರ್ಥೇನಿಯಂ ಬೇರುಸಹಿತ ಬರುತ್ತದೆ. ಕೀಳುವವರು ಕೈಗೆ ಗವಸು, ಮೈತುಂಬ ಬಟ್ಟೆ ಧರಿಸಿರತಕ್ಕದ್ದು. ಚರ್ಮರೋಗ ಅಥವಾ ಉಬ್ಬಸವಿರುವವರು ಈ ಕೆಲಸಕ್ಕೆ ಇಳಿಯಬಾರದು. ಈ ದುಡಿಮೆ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬರುವುದರಿಂದ, ಔಷಧಿಗೆ ಕಳುಹಿಸುವ ಹಣದಲ್ಲಿ ಅವರಿಗೆ ಮೊದಲು ಗವಸುಗಳನ್ನು ಕೊಳ್ಳುವುದು ಲೇಸು. ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಬಹುದು. ಚಗಟೆಯನ್ನು ಕಾಯಿಕಟ್ಟುವ ಮೊದಲೇ ಕುಡುಗೋಲಿನಿಂದ ಕೊಯ್ಯಬೇಕು. ಲಂಟಾನವನ್ನು ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ನೆಲಮಟ್ಟಕ್ಕಿಂತ ಕೆಳಗೆ ಬೇರಿನ ಕೊರಳನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಇಡಬೇಕು.

ಮೂರನೆಯದಾಗಿ, ಕಳೆ ತೆಗೆದ ಜಾಗವನ್ನು ಒಂದು ದಿನವೂ ಬರಿದಾಗಿ ಬಿಡಬಾರದು. ಸ್ಥಳೀಯ ಹುಲ್ಲಿನ ಬೀಜ, ಗರಿಕೆಯ ತುಂಡು, ಒಣಭೂಮಿಗೆ ಹೊಂದುವ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ, ಇವುಗಳನ್ನು ಮಳೆಯೊಂದಿಗೆ ಹಾಕಬೇಕು. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನೂ ಸಮೀಪದ ಕೃಷಿ ವಿಜ್ಞಾನ ಕೇಂದ್ರಗಳನ್ನೂ ಈ ದಿಸೆಯಲ್ಲಿ ಸಂಪರ್ಕಿಸಬಹುದು. ಪಾರ್ಥೇನಿಯಂ ಹತೋಟಿಗೆ ಕ್ಯಾಸಿಯಾ ಜಾತಿಯ ಗಿಡವನ್ನು ಬಿತ್ತುವ ಪದ್ಧತಿಯೂ ಕರ್ನಾಟಕದಲ್ಲಿ ಪ್ರಚಾರಕ್ಕೆ ಬಂದಿತ್ತು. ರಸ್ತೆಬದಿಗೆ ಅದು ಉಚಿತ. ಆದರೆ ದನಗಳು ಅದನ್ನು ಮೇಯುವುದಿಲ್ಲವಾದುದರಿಂದ ಗೋಮಾಳಕ್ಕೆ ಸಲ್ಲದು.

ನಾಲ್ಕನೆಯದಾಗಿ, ಬೀಜ ಬರುವ ದಾರಿಯನ್ನು ಮುಚ್ಚಬೇಕು. ಹೊರಗಿನಿಂದ ಮೇವು ಕೊಳ್ಳುವಾಗ ಕಳೆಯ ಹೂವು, ಕಾಯಿ ಇವೆಯೇ ಎಂದು ಬಿಡಿಸಿ ನೋಡಬೇಕು. ಸಗಣಿಯನ್ನು ಹಸಿಯಾಗಿ ಹರಡದೆ, ತಿಪ್ಪೆಯಲ್ಲಿ ಚೆನ್ನಾಗಿ ಕಳಿಸಿದರೆ ಅದರ ಕಾವಿಗೆ ಬಹಳಷ್ಟು ಬೀಜಗಳು ಸಾಯುತ್ತವೆ.

ಈ ಕೆಲಸವು ಒಂದು ವರ್ಷದಲ್ಲಿ ಮುಗಿಯತಕ್ಕುದಲ್ಲ. ಮಣ್ಣಿನಲ್ಲಿ ಅಡಗಿರುವ ಬೀಜಗಳು ವರ್ಷ ವರ್ಷವೂ ಮೊಳೆಯುತ್ತವೆ. ಮೂರು ನಾಲ್ಕು ಮಳೆಗಾಲ ಬಿಡದೆ ಶ್ರಮಿಸಿದರೆ ಹುಲ್ಲಿನ ಕೈ ಮೇಲಾಗುತ್ತದೆ.

ಗೋಮಾಳ ಉಳಿಯಬೇಕಾದರೆ

ಕರ್ನಾಟಕದ ಭೂಕಂದಾಯ ನಿಯಮಗಳು ಪ್ರತಿ 100 ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳವನ್ನು ಮೀಸಲಿಡಬೇಕೆಂದು ಹೇಳುತ್ತವೆ. ಗ್ರಾಮದ ಸಾಮೂಹಿಕ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ತೀರ್ಪು ನೀಡಿತು. ಕಾನೂನಿನ ಬೆಂಬಲವಿದ್ದರೂ, ಕಳೆ ತುಂಬಿದ ಗೋಮಾಳವು ನೋಡುವವರ ಕಣ್ಣಿಗೆ ಬಂಜರಾಗಿಯೇ ಕಾಣುತ್ತದೆ. ಯಾರಿಗೂ ಬೇಡವಾದ ಜಾಗವೆಂದು ಹೆಸರಾದ ಭೂಮಿಯನ್ನು ಇತರ ಉದ್ದೇಶಗಳಿಗೆ ಕಳೆದುಕೊಳ್ಳುವುದು ಸುಲಭ. ಅಂತಹ ದಿನ ಬಂದರೆ ಹೆಚ್ಚು ನಷ್ಟಕ್ಕೊಳಗಾಗುವವರು, ಸ್ವಂತ ಜಮೀನಿಲ್ಲದೆ ಒಂದು ಎಮ್ಮೆಯನ್ನೋ ನಾಲ್ಕು ಕುರಿಗಳನ್ನೋ ನಂಬಿ ಬದುಕುವ ಬಡ ಕುಟುಂಬಗಳು. ಹಸಿರು ಹುಲ್ಲಿರುವ, ಸರದಿಯಂತೆ ದನ ಮೇಯುವ ಗೋಮಾಳವು ತನ್ನ ಉಪಯುಕ್ತತೆಯನ್ನು ತಾನೇ ಸಾರುತ್ತದೆ.

ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯವು ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಏರ್ಪಡಿಸುತ್ತದೆ. ಆ ವಾರದಲ್ಲಿ ತಮ್ಮ ಕಟ್ಟಡದ ಆವರಣದ ಗಿಡಗಳನ್ನು ಇಲ್ಲಿ ಕಿತ್ತು, ಊರಿಗೂ ಒಂದು ಮಾತು ತಿಳಿಸಿರಿ. ಗಣೇಶ ಚತುರ್ಥಿಗೆ ಊರಿಗೆ ಹೋದಾಗ ಗೋಮಾಳದವರೆಗೆ ನಡೆದು ನೋಡಿರಿ; ಗ್ರಾಮ ಪಂಚಾಯಿತಿಯ ಸದಸ್ಯರೊಡನೆಯೂ ದನ ಕಾಯುವವರೊಡನೆಯೂ ಕುಳಿತು, ಮುಂದಿನ ಮಳೆಗೆ ಯಾವ ಭಾಗಕ್ಕೆ ವಿಶ್ರಾಂತಿ ಕೊಡಬೇಕೆಂದು ನಿರ್ಧರಿಸಿರಿ. ಊರಿನಿಂದ ಮತ್ತೆ ಕಳೆಯ ದೂರು ಬಂದಾಗ, "ಅಲ್ಲಿ ಹುಲ್ಲು ಏಕೆ ಹೋಯಿತು?" ಎಂದು ಮೊದಲು ಕೇಳಿರಿ. ಆ ಪ್ರಶ್ನೆಗೆ ಉತ್ತರ ದೊರೆತರೆ ಕಳೆಯ ಹತೋಟಿಗೆ ದಾರಿಯೂ ದೊರೆಯುತ್ತದೆ.