ಹಾಲುಣಿಸುವ ತಾಯಿ ಮತ್ತು ಹಾಲಿನ ಅಲರ್ಜಿ

(ಸಂಘದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)





ಎರಡು ತಿಂಗಳ ಕೂಸು. ಚೆನ್ನಾಗಿ ಹಾಲು ಕುಡಿಯುತ್ತದೆ, ನಗುತ್ತದೆ, ತೂಕವೂ ಏರುತ್ತಿದೆ. ಒಂದು ದಿನ ಮಲದಲ್ಲಿ ಲೋಳೆಯೊಂದಿಗೆ ರಕ್ತದ ಎಳೆ ಕಾಣುತ್ತದೆ. ಮನೆಯವರಿಗೆಲ್ಲ ಗಾಬರಿ. ಒಬ್ಬರು ಆಮಶಂಕೆ ಎನ್ನುತ್ತಾರೆ. ಇನ್ನೊಬ್ಬರು ‘ತಾಯಿಹಾಲು ಕೆಟ್ಟಿದೆ, ಬಿಡಿಸಿಬಿಡಿ’ ಎನ್ನುತ್ತಾರೆ. ದಯವಿಟ್ಟು ಹಾಗೆ ಬಿಡಿಸಬೇಡಿ. ಇಂದು ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ.

ಇದು ದೊಡ್ಡ ಕರುಳಿನ ಅಲರ್ಜಿ ಉರಿಯೂತ ಇರಬಹುದು. ವೈದ್ಯರು ಇದನ್ನು ಅಲರ್ಜಿಕ್ ಪ್ರಾಕ್ಟೋಕೊಲೈಟಿಸ್ ಎನ್ನುತ್ತಾರೆ. ತಾಯಿ ಸೇವಿಸಿದ ಹಸುವಿನ ಹಾಲಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿನ ಮೂಲಕ ಮಗುವನ್ನು ಸೇರುತ್ತದೆ. ಕೆಲವು ಮಕ್ಕಳ ದೇಹ ಅದನ್ನು ಶತ್ರುವೆಂದು ತಪ್ಪಾಗಿ ತಿಳಿಯುತ್ತದೆ. ಆಗ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಕರುಳಿನ ಒಳಪದರದಲ್ಲಿ ಸೇರಿ, ಅದು ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತದೆ. ಇದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆಯಲ್ಲ. ಚರ್ಮದ ಅಥವಾ ರಕ್ತದ ಅಲರ್ಜಿ ಪರೀಕ್ಷೆಗಳಲ್ಲೂ ಇದು ಸಾಮಾನ್ಯವಾಗಿ ಸಿಗುವುದಿಲ್ಲ.

ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಸೋಂಕು ಅಥವಾ ಗುದದ ಸೀಳಿನಿಂದಲೂ ರಕ್ತ ಬರಬಹುದು. ಜ್ವರ, ಹಸಿರು ವಾಂತಿ, ಹೊಟ್ಟೆಯುಬ್ಬರ, ಮಂಕುತನ, ಹೆಚ್ಚು ರಕ್ತಸ್ರಾವ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಲರ್ಜಿಯೆಂದು ವೈದ್ಯರು ಶಂಕಿಸಿದರೆ, ತಾಯಿ ಕೆಲವು ವಾರ ಹಾಲು, ಮೊಸರು, ಬೆಣ್ಣೆ, ಪನೀರ್, ಖೋವಾ ಬಿಡಬೇಕು. ಬಿರಿಯಾನಿಗೆ ಹಾಕಿದ ಮೊಸರು, ಫಿರ್ನಿ, ಹಾಲಿನ ಚಹಾ ಕೂಡ ಇದರಲ್ಲಿ ಸೇರುತ್ತವೆ. ತುಪ್ಪದಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು. ಎಮ್ಮೆ, ಮೇಕೆ ಹಾಲು ಪರ್ಯಾಯವಲ್ಲ. ಅವುಗಳ ಪ್ರೋಟೀನು ಬಹುಮಟ್ಟಿಗೆ ಹಸುವಿನ ಹಾಲಿನದನ್ನೇ ಹೋಲುತ್ತದೆ. ಎದೆಹಾಲನ್ನು ಮಾತ್ರ ಮುಂದುವರಿಸಬೇಕು. ಹೆಚ್ಚಿನ ಮಕ್ಕಳಲ್ಲಿ ಕೆಲವು ದಿನಗಳಿಂದ 2 ವಾರದೊಳಗೆ ರಕ್ತ ಕಡಿಮೆಯಾಗುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ವೈದ್ಯರ ಸಲಹೆಯಂತೆ ತಾಯಿ ಮತ್ತೆ ಹಾಲು ಸೇವಿಸಿ ನೋಡಬೇಕು. ರಕ್ತ ಮರಳಿ ಬಂದರೆ ಅಲರ್ಜಿ ಖಚಿತ. ಬಾರದಿದ್ದರೆ ಪಥ್ಯ ಬೇಕಿಲ್ಲ. ಈ ಪರೀಕ್ಷೆ ಮಾಡದೆ ಬಾಣಂತಿಯನ್ನು ತಿಂಗಳುಗಟ್ಟಲೆ ಸೊರಗಿಸುವುದು ಅನ್ಯಾಯ. ಪಥ್ಯದ ಕಾಲದಲ್ಲಿ ಆಕೆಗೆ ರಾಗಿ, ಎಳ್ಳು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಕೊಡಿ. ಬೇಕಾದರೆ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆಯುತ್ತಾರೆ. ಬಹುತೇಕ ಮಕ್ಕಳಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಹಾಲು ಒಗ್ಗುತ್ತದೆ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸವಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಾಲುಪುಡಿ, ಕೇಸೀನ್, ವೇ ಎಂಬ ಹೆಸರುಗಳಿವೆಯೇ ಎಂದು ಓದಿ ನಿಮ್ಮ ಅಕ್ಕನಿಗೆ, ಅತ್ತಿಗೆಗೆ ಹೇಳಿ. ಕಲಿತ ವಿದ್ಯೆ ಒಂದು ಕೂಸಿಗೆ ತಾಯಿಹಾಲನ್ನು ಉಳಿಸಿಕೊಟ್ಟರೆ ಅದಕ್ಕಿಂತ ಹೆಚ್ಚಿನ ಪ್ರಯೋಜನ ಯಾವುದು?